ಟೆರೇಸಿನ ಮೇಲೆ ಸೀತನಿ

ಮುಂಬೈಯಲ್ಲಿ ಚಳಿಗಾಲವೇ ಇಲ್ಲ ಎನ್ನುವವರ ಜೊತೆ ವಾದ ಮಾಡುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಬೆಳಗಿನ ಮೊದಲ ಲೋಕಲ್‌ನಲ್ಲಿ ಹೆಂಗಸರ ಡಬ್ಬಿಯ ಕಿಟಕಿಗಳೆಲ್ಲ ಯಾಕೆ ಮುಚ್ಚಿರುತ್ತವೆ? ನಮ್ಮ ಬಿಲ್ಡಿಂಗಿನ ವಾಚ್‌ಮನ್ ಮಂಗನ ಟೋಪಿ ಯಾಕೆ ಹಾಕಿಕೊಂಡು ಕೂರುತ್ತಾನೆ? ಇಷ್ಟಕ್ಕೂ ನಂಬದವರಿಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆಯ ಬಾಟಲಿ ತೋರಿಸುತ್ತೇನೆ. ಅದು ಗಟ್ಟಿಯಾಗಿ, ಬೋರಲು ಹಾಕಿದರೂ ತೊಟ್ಟಿಕ್ಕದ ದಿನ ನಮ್ಮ ಮನೆಯಲ್ಲಿ ಚಳಿಗಾಲ ಶುರು. ಆ ದಿನವೇ ಅಟ್ಟದ ಮೇಲಿನ ಸಾಮಾನಿನ ಹಿಂದಿನಿಂದ ಕಬ್ಬಿಣದ ಘಮೇಲಾ ಕೆಳಗಿಳಿಯಬೇಕು.

ಘಮೇಲಾ ಅಂದರೆ ಗೌಂಡಿಗಳು ಸಿಮೆಂಟು ಹೊರುವ ಅಗಲ ಬುಟ್ಟಿ. ನನ್ನ ಗಂಡ ಅದರ ತಳಕ್ಕೆ ನಾಲ್ಕು ಬೆರಳು ಮರಳು ಹಾಕಿ, ಮೇಲೆ ಹಳೆಯ ಬೂದಿ ಹಾಸಿ, ಅದರೊಳಗೆ ಕುಳ್ಳಿನ, ಅಂದರೆ ಬೆರಣಿಯ, ಬೆಂಕಿ ಮಾಡುತ್ತಿದ್ದ. ಊರಲ್ಲಾದರೆ ಹೊಲದ ಬದುವಿನಲ್ಲಿ ನೆಲ ತೋಡಿ ಕುಣಿ ಮಾಡುತ್ತಾರೆ. ನಾವಿರುವ ಪರೇಲಿನಲ್ಲಿ ನೆಲ ತೋಡಿದರೆ ಕೇಬಲ್ಲು ಸಿಗುತ್ತದೆ. ಹಾಗಾಗಿ ಈ ಘಮೇಲಾ. ಮೊದಲು ಚಾಳಿನ ಅಂಗಳದಲ್ಲಿ ಉರಿಯುತ್ತಿತ್ತು. ಚಾಳು ಕೆಡವಿ ಟವರ್ ಕಟ್ಟಿ ನಮ್ಮನ್ನು ಹದಿನಾಲ್ಕನೆಯ ಮಾಳಿಗೆಗೆ ಏರಿಸಿದ ಮೇಲೆ ಇಪ್ಪತ್ತಮೂರನೆಯ ಮಾಳಿಗೆಯ ಟೆರೇಸಿನ ಮೇಲೆ. ಚಳಿಗಾಲದ ಒಂದು ರವಿವಾರವನ್ನೂ ನಾವು ತಪ್ಪಿಸಿದವರಲ್ಲ. ಬದನೆಕಾಯಿ, ಹಸಿ ಮೆಣಸಿನಕಾಯಿ, ಗೆಣಸು, ಗಿಡದ ಸಮೇತ ಹಸಿ ಕಡಲೆ, ಏನು ಸಿಕ್ಕರೆ ಅದು ಸುಡುತ್ತಿತ್ತು. ಶಿವರಾತ್ರಿಯವರೆಗೂ ನಮ್ಮ ಬಟ್ಟೆಗಳಿಗೆಲ್ಲ ಹೊಗೆಯ ವಾಸನೆ.

ಆದರೆ ಅದೆಲ್ಲ ಪೀಠಿಕೆ. ವರ್ಷಕ್ಕೊಮ್ಮೆ, ಎಳ್ಳ ಅಮಾವಾಸ್ಯೆಯ ಆಸುಪಾಸು, ವಿಜಯಪುರದ ಕಡೆಯಿಂದ ನನ್ನ ತಮ್ಮ ಎಳೆ ಜೋಳದ ತೆನೆಗಳ ಒಂದು ಸಿವುಡು ಬಸ್ಸಿಗೆ ಹಾಕುತ್ತಾನೆ. ಆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿದರೆ ಅದೇ ಸೀತನಿ. ಹಸಿರು ಕಾಳು, ಒಳಗೆ ಹಾಲು. ಅದರ ಜೊತೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಬೆಲ್ಲ, ಗಟ್ಟಿ ಮೊಸರು. ಒಂದೇ ಷರತ್ತು, ತೆನೆ ಬಂದ ದಿನವೇ ಸುಡಬೇಕು. ಮರುದಿನಕ್ಕೆ ಹಾಲು ಆರಿ ಕಾಳು ಬರೀ ಜೋಳವಾಗುತ್ತದೆ.

ಈ ಕೆಲಸದಲ್ಲಿ ನಮ್ಮಿಬ್ಬರ ಪಾಲು ಮದುವೆಯಾದಾಗಿನಿಂದ ಬೇರೆ ಬೇರೆ. ಹಿಂಡಿ ಕುಟ್ಟುವುದು ನನ್ನದು, ಬೆಂಕಿ ಅವನದು. ಬೆಂಕಿಗೆ ನಾನು ಒಂದು ಕಡ್ಡಿ ಇಟ್ಟರೂ ಅವನಿಗೆ ಸಹಿಸದು. "ಅಡಗಿ ಮನ್ಯಾಗ ನಾ ಬರ್ತೀನೇನು? ಇದಕ್ಕ ನೀ ಬರಬ್ಯಾಡ" ಎನ್ನುತ್ತಿದ್ದ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೂವತ್ತು ವರ್ಷ ಯಂತ್ರದಿಂದ ಹೊರಬಿದ್ದ ಸುಡುಸುಡು ಚಾದರ ಮಡಚಿದ ಕೈ ಅವನದು. ಕೆಂಡದಿಂದ ತೆಗೆದ ತೆನೆಯನ್ನು ಬರಿಗೈಯಲ್ಲಿ ಹಿಡಿದು ತಿಕ್ಕುವಾಗ ಅವನ ಮುಖದಲ್ಲಿ ಒಂದು ಜಂಬ ಕಾಣುತ್ತಿತ್ತು. ವರ್ಷದ ಉಳಿದ ದಿನ ಯಾರೂ ಗಮನಿಸದ ಮನುಷ್ಯ ಅವತ್ತು ಹತ್ತು ಜನರ ನಡುವೆ ಕುಕ್ಕರಗಾಲಲ್ಲಿ ಕೂತು ಎಲ್ಲರಿಗೂ ಹಂಚುತ್ತಿದ್ದ. ಅವನು ಕಾಳು ಕೊಡುವವರೆಗೆ ಎಲ್ಲರೂ ಅಂಗೈ ಚಾಚಿಕೊಂಡು ಕಾಯಬೇಕಿತ್ತು, ನಾನೂ ಕೂಡ.

ಹೋದ ವರ್ಷ ದಸರೆಯ ಹೊತ್ತಿಗೆ ನಾನು ಎಂಟು ದಿನ ತಮ್ಮನ ಮನೆಗೆ ಹೋಗಿದ್ದೆ. ತಿರುಗಿ ಬಂದಾಗ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ನೋಟೀಸು ಅಂಟಿಸಿತ್ತು. ಟೆರೇಸಿಗೆ ಹೊಸದಾಗಿ ನೀರು ಸೋರದ ಲೇಪ ಹಾಕಿಸಲಾಗಿದೆ, ಮೇಲಿನ ಮಾಳಿಗೆಯವರಿಗೆ ಹೊಗೆಯ ತೊಂದರೆಯಾಗುತ್ತಿದೆ, ಆದ್ದರಿಂದ ಇನ್ನು ಮುಂದೆ ಟೆರೇಸಿನ ಮೇಲೆ ಯಾವ ರೀತಿಯ ಬೆಂಕಿಯನ್ನೂ ಹಚ್ಚತಕ್ಕದ್ದಲ್ಲ, ಸಭೆಯಲ್ಲಿ ಸರ್ವಾನುಮತದಿಂದ ಒಪ್ಪಲಾಗಿದೆ. ಬಿಲ್ಡಿಂಗಿನಲ್ಲಿ ಟೆರೇಸಿನ ಮೇಲೆ ಬೆಂಕಿ ಹಚ್ಚುವವರು ನಾವೊಬ್ಬರೇ. ನಮ್ಮ ಹೆಸರು ಬರೆಯದೆ ನಮಗೇ ಬರೆದ ಕಾಗದ ಅದು. ಸರ್ವಾನುಮತ ಎಂಬ ಮಾತು ಓದಿ ನನಗೆ ಚೀಲ ಕೆಳಗಿಡಲೂ ತಾಳ್ಮೆ ಉಳಿಯಲಿಲ್ಲ.

"ಮೀಟಿಂಗಿಗೆ ನಮ್ಮ ಮನಿಂದ ಯಾರ ಹೋಗಿದ್ರು?" ಎಂದು ಬಾಗಿಲಲ್ಲೇ ಕೇಳಿದೆ.

ಗಂಡ ಪೇಪರಿನಿಂದ ಮುಖ ಎತ್ತಲಿಲ್ಲ. "ನಾ ಹೋಗಿದ್ದೆ."

"ಮತ್ತ?"

"ಎಲ್ಲಾರೂ ಕೈ ಎತ್ತಿದ್ರು. ನಾನೂ ಎತ್ತಿದೆ."

ಇದಕ್ಕೆ ನಾನೇನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ. ಹದಿಮೂರು ಮತ್ತು ಹದಿನೈದನೆಯ ಮಾಳಿಗೆಯವರಿಗೆ ಕೇಳಿಸಿತು ಎಂದಷ್ಟೇ ಹೇಳಬಲ್ಲೆ. ಮಗಳು ಆಫೀಸಿನಿಂದ ಬಂದವಳು ನಡುವೆ ನಿಂತು, ಅವಳ ಅರ್ಧ ಮರಾಠಿಯಲ್ಲಿ, "ಆಯೀ, ಪ್ಲೀಸ್ ನಾ, ಅಪ್ಪಾನ ಜೊತಿ ಝಗಡಾ ಬ್ಯಾಡ, ಬಾಲ್ಕನಿ ಸಾಠೀ ಇಲೆಕ್ಟ್ರಿಕ್ ಗ್ರಿಲ್ ತರೋಣ" ಎಂದಳು. ಅವಳಿಗೂ ಒಂದಷ್ಟು ಬೈಗುಳ ಬಿತ್ತು.

ಡಿಸೆಂಬರಿನಲ್ಲಿ ಎಣ್ಣೆ ಗಟ್ಟಿಯಾಯಿತು. ಘಮೇಲಾ ಕೆಳಗಿಳಿಯಲಿಲ್ಲ. ರವಿವಾರ ಬದನೆಕಾಯಿಯನ್ನು ಗ್ಯಾಸಿನ ಮೇಲೆ ಸುಟ್ಟೆ, ಬರ್ನರಿನ ತೂತುಗಳಲ್ಲಿ ರಸ ಇಳಿದು ಜ್ವಾಲೆ ಹಳದಿಯಾಯಿತು. ಕೆಂಡದಲ್ಲಿ ಸುಟ್ಟದ್ದು ಬಿಟ್ಟು ಬೇರೆ ಬದನೆಕಾಯಿಯನ್ನೇ ಮುಟ್ಟದ ಗಂಡ ಅದನ್ನು ಚಕಾರವೆತ್ತದೆ ತಿಂದ. ಅವನ ಆ ಮೌನ ನನ್ನ ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿಯಿತು. ಬೆಂಕಿ ತನ್ನದು ಅಂದಿದ್ದ, ಈಗ ಅವನೇ ನೀರು ಹೊಯ್ದು ಸುಮ್ಮನೆ ಕೂತಿದ್ದಾನಲ್ಲ!

ಒಂಬತ್ತನೆಯ ಮಾಳಿಗೆಯಲ್ಲಿರುವ ನಮ್ಮ ಸೊಸಾಯಿಟಿ ಸೆಕ್ರೆಟರಿಯ ಬಾಗಿಲು ಬಡಿದೆ. ಸೋಲಾಪುರದ ಕಡೆಯ ಮರಾಠಿ ಮನುಷ್ಯ, ಬ್ಯಾಂಕಿನಿಂದ ನಿವೃತ್ತ, ಎಲ್ಲ ಕಾಗದವನ್ನೂ ಫೈಲಿನಲ್ಲಿಡುವ ಜಾತಿ. ಅವರನ್ನು ಅವರದೇ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಎದುರಿಗೆ ನಾಲ್ಕು ಟವರುಗಳು ಏಳುತ್ತಿವೆ, ಹಗಲು ರಾತ್ರಿ ಕಲ್ಲು ಕೊರೆಯುತ್ತಾರೆ, ಸಿಮೆಂಟಿನ ಧೂಳಿನಲ್ಲಿ ಸೂರ್ಯ ಕಾಣುವುದಿಲ್ಲ, ನಮ್ಮ ತುಳಸಿಯ ಎಲೆ ಬೂದಿ ಬಣ್ಣ. ಅವನ್ನು ಕಟ್ಟುವವರಿಗೆ ಯಾರಾದರೂ ನೋಟೀಸು ಕೊಟ್ಟರಾ? ವಾರಕ್ಕೆ ಎರಡು ತಾಸು ಉರಿಯುವ ನನ್ನ ಒಂದು ಬುಟ್ಟಿ ಕುಳ್ಳಿನಿಂದ ಮುಂಬೈಯ ಗಾಳಿ ಕೆಟ್ಟಿತಾ? ನನ್ನ ಮುರುಕು ಮರಾಠಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸುವವರೆಗೆ ಅವರು ಕೇಳಿದರು. ಆಮೇಲೆ ಫೈಲು ತೆರೆದು, "ತಾಈ, ತುಮಚ್ಯಾ ಮಿಸ್ಟರಾಂನೀಚ್ ಪಹಿಲಾ ಹಾತ್ ವರ್ ಕೇಲಾ" ಎಂದರು. ನಿಮ್ಮ ಯಜಮಾನರೇ ಮೊದಲು ಕೈ ಎತ್ತಿದ್ದು ಅಂತ.

ಎಲ್ಲರೂ ಎತ್ತಿದಾಗ ಎತ್ತಿದ್ದಲ್ಲ. ಮೊದಲು! ಐದು ಮಾಳಿಗೆ ನಡೆದೇ ಹತ್ತಿ ಬಂದೆ, ಲಿಫ್ಟಿನಲ್ಲಿ ಯಾರ ಮುಖವನ್ನೂ ನೋಡುವ ಮನಸ್ಸಿರಲಿಲ್ಲ. ಹಾಗಾದರೆ ಈ ನಿಯಮ ಸೆಕ್ರೆಟರಿಯದಲ್ಲ, ನನ್ನ ಮನೆಯದೇ. ಯಾಕೆ ಎಂದು ಗಂಡನನ್ನು ಕೇಳುವುದಕ್ಕೂ ನನ್ನ ಮೊಂಡುತನ ಬಿಡಲಿಲ್ಲ. ಮಾತೇ ಬಿಟ್ಟೆ.

ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ ತಮ್ಮ ಫೋನ್ ಮಾಡಿದ. "ಅಕ್ಕಾ, ತೆನಿ ಹಾಲಗಾಳ ಆಗ್ಯಾವ. ಶನಿವಾರ ಬಸ್ಸಿಗೆ ಹಾಕಲೇನು?" ಬೇಡ ಎನ್ನಲು ಬಾಯಿ ತೆರೆದವಳು, "ಹಾಕು. ಈ ಸಲ ಸ್ವಲ್ಪ ದೊಡ್ಡ ಸಿವುಡನ ಕಟ್ಟು" ಎಂದೆ. ಆ ಕ್ಷಣದಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು, ಈ ಚಳಿಗಾಲ ಹೊತ್ತದ ಬೆಂಕಿ ಇನ್ನೆಂದೂ ಹೊತ್ತುವುದಿಲ್ಲ. ಘಮೇಲಾವನ್ನು ಮುಂದಿನ ದೀಪಾವಳಿಗೆ ಹಳೆ ಕಬ್ಬಿಣ ಕೊಳ್ಳುವ ಭಂಗಾರಿನವನು ಒಯ್ಯುತ್ತಾನೆ. ಆಮೇಲೆ ತಮ್ಮ ಕೇಳುವುದನ್ನೂ ನಿಲ್ಲಿಸುತ್ತಾನೆ. ಯಾರ ಕೈಯಿಂದಲಾದರೂ ಸರಿ, ಹಚ್ಚಲೇಬೇಕು. ಬೇರೆ ಯಾರೂ ಇಲ್ಲವಾದ್ದರಿಂದ ನನ್ನ ಕೈಯಿಂದ.

ರವಿವಾರ ಬೆಳಿಗ್ಗೆ ದಾದರಿನಲ್ಲಿ ಬಸ್ಸಿನ ಹೊಟ್ಟೆಯಿಂದ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಸಿವುಡು ಇಳಿಸಿಕೊಂಡೆ. ಹೂವಿನ ಮಾರ್ಕೆಟಿನ ಪಕ್ಕ ಪೂಜಾಸಾಮಗ್ರಿಯ ಅಂಗಡಿಯಲ್ಲಿ ಕುಳ್ಳು ಸಿಗುತ್ತವೆ. ಬಿಸ್ಕೀಟಿನ ಹಾಗೆ ದುಂಡಗೆ ತಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕುಳ್ಳು. ನಮ್ಮ ಊರಿನ ಎಮ್ಮೆಗಳು ನೋಡಿದರೆ ನಾಚಿಕೊಂಡಾವು. "ಹವನ ಹೈ ಕ್ಯಾ, ಆಂಟೀ?" ಎಂದು ಅಂಗಡಿಯವನು ಕೇಳಿದ. ಹೌದು, ದೊಡ್ಡ ಹವನ, ಎಂದೆ. ಲೋಕಲ್‌ನಲ್ಲಿ ಒಂದೇ ಸ್ಟೇಷನ್ನು, ಆದರೂ ಡಬ್ಬಿಯ ಅರ್ಧ ಹೆಂಗಸರು ತೆನೆ ಮುಟ್ಟಿ ನೋಡಿದರು. ಸಾತಾರಾ ಕಡೆಯವಳೊಬ್ಬಳು ಗೋಣಿತಾಟಿನ ಮೇಲೆ ಮೂಗಿಟ್ಟು ವಾಸನೆ ಎಳೆದುಕೊಂಡು ಇಳಿದು ಹೋದಳು.

ಮನೆಗೆ ಬಂದು ಸಿವುಡನ್ನು ಗಂಡನ ಕಾಲ ಬುಡದಲ್ಲಿ ಹಾಕಿದೆ. ಹದಿನೈದು ದಿನದ ಮೇಲೆ ಮೊದಲ ಮಾತು ಆಡಿದೆ: "ಗಂಟ ಬಿಚ್ರಿ. ನಾ ಹಿಂಡಿ ಡಬ್ಬಿ ತರ್ತೀನಿ."

ಒಳಗಿನಿಂದ ಬರುವಾಗ ಅವನು ಇನ್ನೂ ಗಂಟಿನ ಮೇಲೆಯೇ ಬಾಗಿದ್ದ. ತಮ್ಮ ಕಟ್ಟಿದ ಸಾದಾ ಹುರಿಯ ಗಂಟು. ಅವನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಹುರಿಯನ್ನು ಹಿಡಿಯುತ್ತಿದ್ದವು, ಅಲುಗುತ್ತಿದ್ದವು, ಬಿಡುತ್ತಿದ್ದವು. ಮತ್ತೆ ಹಿಡಿಯುತ್ತಿದ್ದವು. ನಾನು ನಿಂತಿದ್ದು ಕಂಡು ಕೈಯನ್ನು ತೊಡೆಯ ಕೆಳಗೆ ತುರುಕಿ, "ಕತ್ರಿ ಕೊಡು" ಎಂದ.

ಆಗ ಎಲ್ಲವೂ ಒಂದರ ಹಿಂದೊಂದು ನೆನಪಾಯಿತು. ಮನೆಯಲ್ಲೇ ಗಡ್ಡ ಹೆರೆದುಕೊಳ್ಳುತ್ತಿದ್ದವನು ಕೆಲವು ತಿಂಗಳಿಂದ ಕಟಿಂಗ್ ಅಂಗಡಿಗೆ ಹೋಗುತ್ತಿದ್ದುದು. ಗುಂಡಿಯ ಅಂಗಿ ಬಿಟ್ಟು ಮಗಳು ತಂದ ಟೀ ಶರ್ಟು ಹಾಕತೊಡಗಿದ್ದು. ಚಹಾ ಅರ್ಧ ಲೋಟ ಸಾಕು ಎನ್ನುತ್ತಿದ್ದುದು. ನಾನು ವಯಸ್ಸು, ಸೋಮಾರಿತನ, ಮಗಳ ಮೇಲಿನ ಮುದ್ದು ಎಂದು ಒಂದೊಂದಕ್ಕೂ ಒಂದೊಂದು ಹೆಸರಿಟ್ಟು ಸುಮ್ಮನಿದ್ದೆ.

"ಎಷ್ಟ ದಿನದಿಂದ?"

"ಶ್ರಾವಣದಿಂದ. ಡಾಕ್ಟರಿಗೆ ತೋರಿಸೀನಿ. ಗುಳಗಿ ಕೊಟ್ಟಾನ, ಆದ್ರ ಇದು ಹೋಗೂದಲ್ಲ ಅಂದಾನ."

"ಅದಕ್ಕ ಕೈ ಎತ್ತಿದ್ರೇನು? ಎಲ್ಲಾರಕಿಂತ ಮೊದಲ?"

"ಬೆಂಕಿ ಮುಂದ ಕುಂತು ಕೈ ನಡುಗಿದ್ರ ಹತ್ತು ಮಂದಿ ನೋಡತಾರ. ಸೊಸಾಯಿಟಿನ ಬ್ಯಾಡ ಅಂದ್ರ, ಯಾಕ ಬಿಟ್ರಿ ಅಂತ ಯಾರೂ ಕೇಳೂದಿಲ್ಲ."

"ಮೀಟಿಂಗಿನ್ಯಾಗ ಎತ್ತಿದಾಗ ನಡುಗಲಿಲ್ಲೇನು?"

"ಎಡಗೈ ಎತ್ತಿದೆ" ಎಂದ.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಐದು ತಿಂಗಳು ನನ್ನಿಂದ ಮುಚ್ಚಿಟ್ಟನಲ್ಲ ಎಂಬ ಸಿಟ್ಟು, ಅದೇ ಮನೆಯಲ್ಲಿದ್ದು ನನಗೆ ಕಾಣಲಿಲ್ಲವಲ್ಲ ಎಂಬ ಸಿಟ್ಟು, ಆ ನಡುಕದ ಮೇಲಿನ ಸಿಟ್ಟು. ಗಂಟನ್ನು ಹಲ್ಲಿನಿಂದ ಬಿಚ್ಚಿದೆ. ಅಟ್ಟದ ಮೇಲಿಂದ ಘಮೇಲಾ ಎಳೆದು ಇಳಿಸಿದೆ. ಮಗಳ ಕೈಗೆ ಹಿಂಡಿ ಡಬ್ಬಿ, ಮೊಸರು, ದಪ್ಪ ದುಪ್ಪಡಿ ಕೊಟ್ಟು, "ನಡಿ ಮ್ಯಾಲೆ" ಎಂದೆ. ಈ ಸಲ ಅವಳು ಇಲೆಕ್ಟ್ರಿಕ್ ಗ್ರಿಲ್ಲಿನ ಸುದ್ದಿ ಎತ್ತಲಿಲ್ಲ.

ಟೆರೇಸಿನ ಬೀಗದ ಕೈ ವಾಚ್‌ಮನ್ ಹತ್ತಿರ ಇರುತ್ತದೆ. ಹಪ್ಪಳ ಒಣಗಿಸಲು ಎಂದರೆ ಯಾರಿಗೂ ಕೊಡುತ್ತಾನೆ. ನಾನು ಹಪ್ಪಳ ಎನ್ನಲಿಲ್ಲ. ರಿಜಿಸ್ಟರಿನಲ್ಲಿ ಮಾಳಿಗೆ, ಹೊತ್ತು ಬರೆದು, ಕಾರಣ ಎಂಬ ಕಡೆ ಕನ್ನಡದಲ್ಲೇ ದೊಡ್ಡ ಅಕ್ಷರದಲ್ಲಿ "ಬೆಂಕಿ ಹಚ್ಚಿ ಸೀತನಿ ಸುಡಲು" ಎಂದು ಬರೆದೆ. ಬಿಹಾರದ ಹುಡುಗನಿಗೆ ಅದು ಓದಲು ಬರದಿದ್ದರೆ ತಪ್ಪು ನನ್ನದಲ್ಲ.

ಮೇಲೆ ಬಿಸಿಲಿತ್ತು, ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿಯೂ ಇತ್ತು. ಲೇಪಕ್ಕೆ ಬಿಸಿ ತಾಗದಂತೆ ಇಟ್ಟಿಗೆ ಜೋಡಿಸಿ ಮೇಲೆ ಘಮೇಲಾ ಇಟ್ಟೆ. ಕರ್ಪೂರ ಹಾಕಿ ಕುಳ್ಳು ಹಚ್ಚಿದೆ. ಭುಗ್ಗೆಂದು ಉರಿ ಎದ್ದಿತು. ಮೂವತ್ತೈದು ವರ್ಷ ಈ ಬೆಂಕಿಗೆ ಬೆನ್ನು ಹಾಕಿ ಹಿಂಡಿ ಕುಟ್ಟಿದವಳು ನಾನು, ಗಂಡ ಅದರೊಳಗೆ ಏನು ಮಾಡುತ್ತಿದ್ದ ಎಂದು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಬದನೆಕಾಯಿ ಸುಟ್ಟ ಹಾಗೆ ತೆನೆಗಳನ್ನು ಉರಿಯ ಮೇಲೆ ಹಿಡಿದೆ. ಹೊಟ್ಟು ಚಟಪಟ ಎಂದು ಸಿಡಿದು ಕರಿಯಾಯಿತು. ಕೆಳಗಿಳಿಸಿ ಬಿಡಿಸಿದರೆ ಹೊರಗೆ ಇದ್ದಲು, ಒಳಗೆ ಹಸಿ. ಹೊಗೆಯೋ ಕಣ್ಣು ಬಿಡಲಾಗದಷ್ಟು. ಇನ್ನೊಂದು ಕಂತೆ ಹಿಡಿದೆ, ಅದೂ ಹಾಗೆಯೇ. ಸಿವುಡಿನ ಅರ್ಧದಷ್ಟು ಹಾಳಾಯಿತು. ಮಗಳು ಒಂದು ಕಾಳು ಬಾಯಿಗೆ ಹಾಕಿಕೊಂಡು, ತುಂಬ ಮರ್ಯಾದೆಯಿಂದ, ಆಕಡೆ ತಿರುಗಿ ಉಗಿದಳು.

"ಉರಿ ಮ್ಯಾಲೆ ಸುಡತಾರೇನ ಯಾರರೆ?"

ಗಂಡ ಬಾಗಿಲಲ್ಲಿ ನಿಂತಿದ್ದ. ಲಿಫ್ಟು ನಿಂತ ಮೇಲಿನ ಕೊನೆಯ ಮೆಟ್ಟಿಲುಗಳನ್ನು ಹತ್ತಿ ಏದುಸಿರು ಬಿಡುತ್ತಿದ್ದ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು. "ಮೂಗಿಗೆ ವಾಸನಿ ಬಂತು, ಕೆಳಗ ಕುಂದರೂದು ಆಗಲಿಲ್ಲ. ಉರಿ ಸಾಯ್ಲಿ. ಕುಳ್ಳು ಪೂರಾ ಕೆಂಡ ಆಗಬೇಕು. ಆಮ್ಯಾಲೆ ತೆನಿ ಒಳಗ ಹುಗಿ, ಮ್ಯಾಲೆ ಬೂದಿ ಮುಚ್ಚು, ದಂಟು ಅಷ್ಟ ಹೊರಗಿರ್ಲಿ." ನಾನು ಹೇಳಿದಂತೆ ಮಾಡಿದೆ. ಜೀವಮಾನದಲ್ಲಿ ಮೊದಲ ಸಲ ಎದುರು ಮಾತಾಡದೆ ಮಾಡಿದೆ ಎಂದು ಅವನು ಈಗಲೂ ಹೇಳುತ್ತಾನೆ. ಹೊಗೆ ತಗ್ಗಿತು. ದಂಟಿನ ತುದಿಯಲ್ಲಿ ನೀರು ನೊರೆಯಾಗಿ ಕುದಿಯಿತು. "ಈಗ ತಗಿ" ಎಂದ.

ಸೆಕ್ರೆಟರಿ ಬಂದದ್ದು ಆಗಲೇ. ಮೇಲಿನ ಮಾಳಿಗೆಯವರು ಫೋನ್ ಮಾಡಿರಬೇಕು. "ತಾಈ, ಹೇ ಕಾಯ?" ಇದೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೊಬೈಲ್ ತೆಗೆದು ಘಮೇಲಾದ ಫೋಟೋ ಹೊಡೆದರು. ನಾನು ಸೆರಗು ಸರಿ ಮಾಡಿಕೊಂಡು, ಇನ್ನೊಂದು ತೆಗೀರಿ, ಅದರಲ್ಲಿ ನನ್ನ ಮುಖ ಬರಲಿ, ಎಂದೆ.

ತೆನೆ ಬಿಸಿ ಇರುವಾಗಲೇ ತಿಕ್ಕಬೇಕು, ಆರಿದರೆ ಕಾಳು ಬಿಡುವುದಿಲ್ಲ. ಒಂದನ್ನು ಅಂಗೈಗೆ ತೆಗೆದುಕೊಂಡೆ, ಚುರ್ರೆಂದಿತು, ಕೆಳಗೆ ಬಿಟ್ಟೆ. ಮಗಳಿಂದ ಆಗುವ ಮಾತೇ ಅಲ್ಲ. ಆ ಟೆರೇಸಿನ ಮೇಲೆ ಈ ಕೆಲಸಕ್ಕೆ ತಕ್ಕ ಕೈ ಒಂದೇ ಜೋಡಿ ಇತ್ತು, ಅದು ಜೇಬಿನೊಳಗಿತ್ತು. ದುಪ್ಪಡಿಯನ್ನು ಅಗಲಕ್ಕೆ ಹಾಸಿದೆ. "ಕುಂದರ್ರಿ. ತಿಕ್ರಿ" ಎಂದೆ.

ಅವನು ಸೆಕ್ರೆಟರಿಯ ಕಡೆ ನೋಡಿದ, ನನ್ನ ಕಡೆ ನೋಡಿದ. "ನಡುಗತಾವ" ಎಂದ, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ.

"ನಡುಗಲಿ. ಕಾಳು ಉದರಬೇಕು, ಹೌದಿಲ್ಲೊ? ಉದರತಾವ." ನಾನು ಸಣ್ಣ ದನಿಯಲ್ಲಿ ಹೇಳಲಿಲ್ಲ. ಸೆಕ್ರೆಟರಿಗೂ ಕೇಳಿಸಲಿ, ಎದುರಿನ ನಾಲ್ಕು ಟವರಿಗೂ ಕೇಳಿಸಲಿ ಎಂದೇ ಹೇಳಿದೆ.

ಅವನು ಕೂತ. ಜೇಬಿನಿಂದ ಕೈ ಹೊರಬಂದವು. ತೆನೆ ಹಿಡಿದಾಗ ಬಲಗೈ ಜೋರಾಗಿ ಅಲುಗಿತು, ತೆನೆಯೂ ಅಲುಗಿತು. ಎರಡೂ ಅಂಗೈಗಳ ನಡುವೆ ಅದನ್ನು ಒತ್ತಿ ತಿಕ್ಕಿದ. ಮೊದಲಿನ ಚುರುಕು ಇರಲಿಲ್ಲ, ಅರ್ಧ ಕಾಳು ದುಪ್ಪಡಿಯ ಆಚೆ ಹೋಗಿ ಬಿದ್ದವು. ಆದರೆ ಉದುರಿದವು. ಹಸಿರು ಕಾಳು, ಹೊಗೆಯಾಡುವ ಕಾಳು. ಹೊಟ್ಟು ಊದಲು ಅವನು ಬಾಗಿದಾಗ ಹಳೆಯ ಆ ಜಂಬ ಮುಖದಲ್ಲಿ ಒಂದಿಷ್ಟು ಕಾಣಿಸಿತು. ನಾನು ಅಂಗೈ ಚಾಚಿದೆ, ಮಗಳು ಚಾಚಿದಳು. ಕಾಳು ಹಾಕುವಾಗ ಅವನ ಬೆರಳು ನನ್ನ ಅಂಗೈಯ ಮೇಲೆ ಟಕಟಕ ಬಡಿದವು. ಅಷ್ಟು ರುಚಿಯಾದ ಸೀತನಿಯನ್ನು ನಾನು ತಿಂದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಸೀದಿತ್ತು. ಸಂತೋಷ ಮಾತ್ರ ಸೀದಿರಲಿಲ್ಲ.

ಸೆಕ್ರೆಟರಿ ಹೋಗಿರಲಿಲ್ಲ. ಮೊಬೈಲನ್ನು ಜೇಬಿಗಿಟ್ಟು, ಕುಕ್ಕರಗಾಲಲ್ಲಿ ಕೂತು, ದುಪ್ಪಡಿಯ ಆಚೆ ಬಿದ್ದ ಕಾಳನ್ನು ಒಂದೊಂದಾಗಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸೋಲಾಪುರದವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ, ಅವರು ಹುರಡಾ ಎನ್ನುತ್ತಾರೆ. ಮಗಳು ಶೇಂಗಾ ಹಿಂಡಿಯ ಡಬ್ಬಿ ಮುಂದೆ ಸರಿಸಿದಳು. ಬೇಡ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ನೋಟೀಸು ಬಂತು. ತಿಂದ ಕೈ ಆರುವ ಮೊದಲೇ ಬರೆದಿದ್ದರು, ಫೋಟೋ ಲಗತ್ತಿಸಿದ್ದರು. ನಿಯಮ ಮುರಿದದ್ದಕ್ಕೆ ದಂಡ, ಮತ್ತೆ ಮಾಡಿದರೆ ಇನ್ನೂ ಹೆಚ್ಚು. ಕೆಳಗೆ ಒಂದು ಗೆರೆ, ಬೆಂಕಿ ಹಚ್ಚಿದವರ ಸಹಿ ಎಂದು. ವಾಚ್‌ಮನ್ ಪೆನ್ನು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ. ನಾನು ಕೈ ಚಾಚಿದೆ. ಗಂಡ ನನ್ನ ಹಿಂದಿನಿಂದ ಬಂದು ಪೆನ್ನು ತೆಗೆದುಕೊಂಡ. ಶ್ರಾವಣದಿಂದ ಬ್ಯಾಂಕಿನ ಕಾಗದಕ್ಕೂ ನನ್ನಿಂದಲೇ ಸಹಿ ಮಾಡಿಸಿ, ಕಣ್ಣಿನ ನೆಪ ಹೇಳುತ್ತಿದ್ದವನು.

"ಹಚ್ಚಿದಾಕಿ ನಾನು" ಎಂದೆ.

"ಹಚ್ಚಿದ್ದು ನೀನ, ಖರೇ. ಬೆಂಕಿ ನಂದು" ಎಂದು ಕಾಗದವನ್ನು ಗೋಡೆಗೆ ಒತ್ತಿ ಹಿಡಿದ. ಬಲಗೈಯಿಂದ ಬರೆದ. ತುಂಬ ಹೊತ್ತು ಹಿಡಿಯಿತು. ಸಹಿ ಗೆರೆ ದಾಟಿ, ಸೆಕ್ರೆಟರಿಯ ಹೆಸರಿನ ಮೇಲೆ ಹಾದು, ಕಾಗದದ ಅಂಚಿನವರೆಗೆ ಏರುಪೇರಾಗಿ ಹೋಯಿತು. ವಾಚ್‌ಮನ್ ಅದನ್ನು ತೆಗೆದುಕೊಂಡು ಹೋದ ಮೇಲೆ ಗಂಡ ಪೆನ್ನಿಲ್ಲದ ಕೈಯನ್ನು ಮುಚ್ಚಿಡದೆ ಮೇಜಿನ ಮೇಲೆ ಇಟ್ಟುಕೊಂಡು ಕೂತ. ಅದು ನಡುಗುತ್ತಲೇ ಇತ್ತು.

"ರವಿವಾರಕ್ಕ ಬದನಿಕಾಯಿ ತಗೊಂಬಾ" ಎಂದ. "ದಪ್ಪನ್ನ ನೋಡಿ ತಗೊಂಬಾ."